ಅಗೆಯುವ ಮೊದಲು ನಕ್ಷೆ: ಪಂಚಾಯತಿ ಅಂತರ್ಜಾಲ ಸಂಪರ್ಕದ ಯೋಜನೆ ಮತ್ತು ನಿರ್ವಹಣೆ

ಆಸ್ತಿ ನಮೂನೆಗಳಿಗೆ ಇ-ಸ್ವತ್ತು, ತೆರಿಗೆ ಮತ್ತು ಲೆಕ್ಕಪತ್ರಗಳಿಗೆ ಪಂಚತಂತ್ರ, ಸಾರ್ವಜನಿಕ ಅರ್ಜಿಗಳಿಗೆ ಬಾಪೂಜಿ ಸೇವಾ ಕೇಂದ್ರ: ಹೀಗೆ ಗ್ರಾಮ ಪಂಚಾಯತಿಯ ಬಹುಪಾಲು ಕೆಲಸಗಳು ಇಂದು ಅಂತರ್ಜಾಲವನ್ನು ಅವಲಂಬಿಸಿವೆ. ಸಂಪರ್ಕ ಕಡಿದ ದಿನ ಕಚೇರಿಯ ಬಾಗಿಲು ತೆರೆದಿದ್ದರೂ ಸೇವೆ ಮುಚ್ಚಿರುತ್ತದೆ.

ನಾನು ಹಿಂದೆ ಕರ್ತವ್ಯ ನಿರ್ವಹಿಸಿದ ಪಂಚಾಯತಿಯೊಂದರಲ್ಲಿ ಕುಡಿಯುವ ನೀರಿನ ಪೈಪ್‌ಲೈನಿಗಾಗಿ ಟ್ರೆಂಚ್ ತೆಗೆಯುವಾಗ ಜೆಸಿಬಿಗೆ ಸಿಕ್ಕಿ ಫೈಬರ್ ಕೇಬಲ್ ತುಂಡಾಯಿತು. ಕೇಬಲ್ ರಸ್ತೆಯ ಯಾವ ಬದಿಯಲ್ಲಿದೆ ಎಂದು ತೋರಿಸುವ ಒಂದು ಕಾಗದವೂ ಕಚೇರಿಯಲ್ಲಿರಲಿಲ್ಲ. ಹನ್ನೊಂದು ದಿನ ಸಂಪರ್ಕವಿರಲಿಲ್ಲ. ಮನೆಯ ಮೇಲೆ ಬ್ಯಾಂಕ್ ಸಾಲ ಪಡೆಯಲು ನಮೂನೆ ಕೇಳಿ ಬಂದ ರೈತರೊಬ್ಬರು ನಾಲ್ಕು ಬಾರಿ ಬರಿಗೈಯಲ್ಲಿ ಹಿಂದಿರುಗಿದರು. ನಮೂನೆ ಸಿಗುವಷ್ಟರಲ್ಲಿ ಹೆಚ್ಚಿನ ಬಡ್ಡಿಗೆ ಕೈಸಾಲ ಮಾಡಿದ್ದರು. ಆ ರಸ್ತೆ ಅಗೆಯಲು ಅನುಮತಿ ಪತ್ರಕ್ಕೆ ಸಹಿ ಹಾಕಿದವನು ನಾನೇ. ಈ ಲೇಖನಕ್ಕೆ ಆ ಸಹಿಯೇ ಕಾರಣ.

ಯೋಜನೆಯ ಸ್ವರೂಪ

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಅನುಮೋದನೆ ನೀಡಿತು. 2015ರಲ್ಲಿ ಅದು ‘ಭಾರತ್‌ನೆಟ್’ ಎಂಬ ಹೆಸರು ಪಡೆಯಿತು. ಮೊದಲ ಹಂತದ ಜಾಲವು ಹೆಚ್ಚಾಗಿ ಮರದ ಕೊಂಬೆಯಂತೆ ಹಬ್ಬಿತು. ಕೊಂಬೆ ಒಂದೆಡೆ ಕಡಿದರೆ ಅದರಾಚೆಯ ಪಂಚಾಯತಿಗಳೆಲ್ಲ ಸಂಪರ್ಕ ಕಳೆದುಕೊಳ್ಳುತ್ತವೆ. 2023ರ ಆಗಸ್ಟ್‌ನಲ್ಲಿ ರೂ. 1,39,579 ಕೋಟಿ ವೆಚ್ಚದಲ್ಲಿ ಅನುಮೋದನೆಗೊಂಡ ತಿದ್ದುಪಡಿ ಕಾರ್ಯಕ್ರಮವು ಉಂಗುರ ವಿನ್ಯಾಸವನ್ನು ಅಳವಡಿಸಿಕೊಂಡಿದೆ. ಉಂಗುರದ ಒಂದು ಬದಿ ತುಂಡಾದರೂ ಇನ್ನೊಂದು ಬದಿಯಿಂದ ಸಂಪರ್ಕ ಉಳಿಯುತ್ತದೆ. ಆದರೆ ಎರಡೂ ಬದಿಯ ಕೇಬಲ್‌ಗಳು ಒಂದೇ ಟ್ರೆಂಚ್‌ನಲ್ಲಿ ಸಾಗಿದ್ದರೆ ಒಂದೇ ಜೆಸಿಬಿ ಎರಡನ್ನೂ ಕಡಿಯುತ್ತದೆ. ಆದ್ದರಿಂದ ಮಾರ್ಗದ ಆಯ್ಕೆಯ ಸಮಯದಲ್ಲಿ ಪಂಚಾಯತಿಯೂ ಹಾಜರಿರಬೇಕು.

ಸಮೀಕ್ಷೆ ಮತ್ತು ಅನುಮತಿ

ಕೆ.ಆರ್. ನಗರ, ಭೇರ್ಯ ಭಾಗದಲ್ಲಿ ಮಾರ್ಗಕ್ಕೆ ನಾಲೆಗಳು ಮತ್ತು ಭತ್ತದ ಗದ್ದೆಗಳು ಎದುರಾಗುತ್ತವೆ, ಹುಣಸೂರು, ಎಚ್.ಡಿ. ಕೋಟೆ ಭಾಗದಲ್ಲಿ ನಾಗರಹೊಳೆ ಅರಣ್ಯದ ಅಂಚು ಬರುತ್ತದೆ. ಮಾರ್ಗಕ್ಕನುಗುಣವಾಗಿ ನೀರಾವರಿ, ಲೋಕೋಪಯೋಗಿ ಮತ್ತು ಅರಣ್ಯ ಇಲಾಖೆಗಳ ಅನುಮತಿಗೆ ಬೇಕಾದ ಕಾಲವನ್ನು ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಬೇಕು. 2025ರ ಜನವರಿ 1ರಿಂದ ದೂರಸಂಪರ್ಕ ಮಾರ್ಗದ ಹಕ್ಕಿನ ಹೊಸ ನಿಯಮಗಳು ಜಾರಿಯಲ್ಲಿವೆ ಎಂಬುದನ್ನೂ ಗಮನಿಸಬೇಕು. ಸಮೀಕ್ಷೆಗೆ ನೀರುಗಂಟಿಯನ್ನು ತಪ್ಪದೆ ಕರೆದೊಯ್ಯಬೇಕು; ಊರಿನ ಹಳೆಯ ಪೈಪುಗಳು ಎಲ್ಲಿವೆ ಎಂಬುದು ಅವರಿಗೆ ತಿಳಿದಿರುವಷ್ಟು ಬೇರೆಯವರಿಗೆ ತಿಳಿದಿರುವುದಿಲ್ಲ.

ಬೆಳಕಿನ ಲೆಕ್ಕ

ಫೈಬರ್‌ನಲ್ಲಿ ಸಾಗುವ ಬೆಳಕು ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಕ್ಷೀಣಿಸುತ್ತದೆ. ಒಂದು ಉದಾಹರಣೆ: 15 ಕಿ.ಮೀ. ಕೇಬಲ್‌ಗೆ ಕಿ.ಮೀ.ಗೆ 0.35ರಂತೆ 5.25 ಡೆಸಿಬೆಲ್, ಬೆಳಕನ್ನು ಎಂಟಾಗಿ ಹಂಚುವ ಸ್ಪ್ಲಿಟರ್‌ಗೆ ಸುಮಾರು 10.5, ಎಂಟು ಜೋಡಣೆಗಳಿಗೆ 0.8, ನಾಲ್ಕು ಕನೆಕ್ಟರ್‌ಗಳಿಗೆ 2. ಒಟ್ಟು ನಷ್ಟ 18.55 ಡೆಸಿಬೆಲ್. ಸಾಮಾನ್ಯ ಬಳಕೆಯ ಉಪಕರಣಗಳು 28 ಡೆಸಿಬೆಲ್‌ವರೆಗಿನ ನಷ್ಟವನ್ನು ತಡೆದುಕೊಳ್ಳುತ್ತವೆ. ಹಾಗಾಗಿ ಇಲ್ಲಿ ಸಾಕಷ್ಟು ಮಿಗುತೆ ಇದೆ. ಕಾಮಗಾರಿ ಮುಗಿದಾಗ ಅಳತೆಯಲ್ಲಿ 25 ಬಂದರೆ ಸಂಪರ್ಕ ಆ ದಿನ ನಡೆಯುತ್ತದೆ. ಆದರೆ ಎಲ್ಲೋ ಜೋಡಣೆ ಕೆಟ್ಟಿದೆ ಅಥವಾ ಕೇಬಲ್ ಮಡಚಿದೆ ಎಂದರ್ಥ. ಮುಂದಿನ ದುರಸ್ತಿಗಳಿಗೆ ಬೇಕಾದ ಮಿಗುತೆ ಅಲ್ಲಿಯೇ ಕರಗಿರುತ್ತದೆ.

ಹಸ್ತಾಂತರದ ಸಮಯದಲ್ಲಿ

ಉಪಕರಣದ ದೀಪ ಹಸಿರಾದ ಮಾತ್ರಕ್ಕೆ ಕಾಮಗಾರಿ ಪೂರ್ಣಗೊಂಡಿತೆಂದು ದೃಢೀಕರಿಸಬಾರದು. ಸಹಿಗೆ ಮುನ್ನ ಈ ಕೆಳಗಿನವುಗಳನ್ನು ಪಡೆಯತಕ್ಕದ್ದು:

1. ಕೇಬಲ್ ವಾಸ್ತವವಾಗಿ ಸಾಗಿರುವ ಮಾರ್ಗದ ನಕ್ಷೆ: ರಸ್ತೆಯ ಬದಿ, ಆಳ ಮತ್ತು ಪ್ರತಿ ಜೋಡಣೆ ಸ್ಥಳದ ಜಿಪಿಎಸ್ ಗುರುತು ಸಹಿತ.
2. ಓಟಿಡಿಆರ್ ಪರೀಕ್ಷಾ ವರದಿ. ಮುಂದೆ ಕೇಬಲ್ ತುಂಡಾದಾಗ ಎಷ್ಟು ಮೀಟರ್ ದೂರದಲ್ಲಿ ಎಂಬುದನ್ನು ಇದರೊಂದಿಗೆ ಹೋಲಿಸಿ ತಿಳಿಯಬಹುದು.
3. ವಿದ್ಯುತ್ ಕಡಿತಗೊಳಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋದೊಡನೆ ಕೇಬಲ್ ಸರಿಯಿದ್ದರೂ ಸಂಪರ್ಕವಿರುವುದಿಲ್ಲ.
4. ದುರಸ್ತಿಯ ಹೊಣೆ ಹೊತ್ತವರ ದೂರವಾಣಿ ಸಂಖ್ಯೆ ಮತ್ತು ದುರಸ್ತಿಗೆ ಒಪ್ಪಿದ ಕಾಲಮಿತಿ.

ಅಗೆಯುವ ಅನುಮತಿಗೆ ಮುನ್ನ

ನೀರಿನ ಪೈಪ್, ಚರಂಡಿ, ರಸ್ತೆ ಅಗಲೀಕರಣ ಯಾವುದೇ ಇರಲಿ, ಅನುಮತಿ ನೀಡುವ ಮೊದಲು ಕೇಬಲ್ ನಕ್ಷೆಯನ್ನು ನೋಡುವುದು ಕಡ್ಡಾಯವಾಗಲಿ. ಅಗೆಯುವವರು ಮತ್ತು ಭೂಗತ ಆಸ್ತಿಯ ಮಾಲೀಕರ ನಡುವೆ ಮಾಹಿತಿ ವಿನಿಮಯಕ್ಕಾಗಿ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಡುಗಡೆಯಾಗಿದೆ; ಅದರಲ್ಲಿ ಮಾಹಿತಿ ನೀಡಿರಬೇಕೆಂಬ ಷರತ್ತನ್ನು ಅನುಮತಿ ಪತ್ರದಲ್ಲಿಯೇ ನಮೂದಿಸಬಹುದು. ಕೇಬಲ್ ಇರುವ ಜಾಗದಲ್ಲಿ ಯಂತ್ರ ಬಿಟ್ಟು ಗುದ್ದಲಿಯಿಂದಲೇ ಅಗೆಯಲು ಸೂಚಿಸಬೇಕು.

ನಕ್ಷೆ ಇಲ್ಲದ ಪಂಚಾಯತಿಗಳು ಹೊಸ ಯೋಜನೆಗಾಗಿ ಕಾಯಬೇಕಿಲ್ಲ. ನೀರುಗಂಟಿ ಮತ್ತು ನಿರ್ವಹಣಾ ಸಿಬ್ಬಂದಿಯೊಂದಿಗೆ ಒಂದು ದಿನ ಮಾರ್ಗದುದ್ದಕ್ಕೂ ನಡೆದು, ಗುರುತುಕಲ್ಲು ಮತ್ತು ಜೋಡಣೆ ಸ್ಥಳಗಳನ್ನು ಗ್ರಾಮ ನಕ್ಷೆಯ ಮೇಲೆ ಗುರುತಿಸಿದರೆ ಮೊದಲ ಪ್ರತಿ ಸಿದ್ಧವಾಗುತ್ತದೆ. ಅದನ್ನು ಅನುಮತಿ ಕಡತದ ಮೊದಲ ಪುಟವಾಗಿ ಇರಿಸಿಕೊಳ್ಳುವುದು ಸೂಕ್ತ.