ಬೀಸುಕಲ್ಲಿನಲ್ಲಿ ಹನ್ನೊಂದು ಗಣ!

ಒಂದು ಒಗಟು. ಪದ ಅವಳದೇ. ರಾಗ ಅವಳದೇ. ದನಿ ಅವಳದೇ. ತಾಳವೂ ಅವಳ ರಟ್ಟೆಯದೇ! ಯಾರು ಈ ಸಂಗೀತ ನಿರ್ದೇಶಕಿ?

ಸಿನಿಮಾದಲ್ಲಿ ಹುಡುಕಬೇಡಿ. ಬೀದರ್ ಜಿಲ್ಲೆಯ ಔರಾದಕ್ಕೆ ಬನ್ನಿ. ಹಿಟ್ಟಿನ ಗಿರಣಿ ಬರುವ ಮುಂಚಿನ ಔರಾದಕ್ಕೆ! ಕೋಳಿ ಕೂಗುವ ಮುನ್ನ ಎದ್ದು ಜೋಳ ಬೀಸಲು ಕೂತಿದ್ದಾಳಲ್ಲ, ಅವಳೇ!

ಅವಳು ಹಾಡುವುದು ತ್ರಿಪದಿ. ಮೂರೇ ಸಾಲು, ಅದೇನು ಮಹಾ ಅಂತೀರಾ? ಎಣಿಸಿ ನೋಡಿ! ಹನ್ನೊಂದು ಗಣ, ಅಂದರೆ ಲಯದ ಹನ್ನೊಂದು ತುಂಡು. ಆರನೆಯದೂ ಹತ್ತನೆಯದೂ ಗಿಡ್ಡ ಬ್ರಹ್ಮಗಣ. ಉಳಿದ ಒಂಬತ್ತೂ ವಿಷ್ಣುಗಣ. ನಾವು ಛಂದಸ್ಸಿನ ಪುಸ್ತಕ ತೆರೆದು ಬೆರಳು ಮಡಿಚುತ್ತೇವೆ. ಓದು ಬರಹ ಬಾರದವಳು ಗೂಟ ಹಿಡಿದು ಕಲ್ಲು ತಿರುಗಿಸಿದರೆ ಲೆಕ್ಕ ತಾನೇ ಕೂಡಿ ಬರುತ್ತಿತ್ತು!

ಇನ್ನೂ ಸೋಜಿಗ ಕೇಳಿ. ಬರೆದರೆ ಮೂರು ಸಾಲು, ಹಾಡಿದರೆ ನಾಲ್ಕು! ಎರಡನೆಯ ಸಾಲಿನ ಮಾತು ಮತ್ತೆ ಮರಳಿ ಬರುತ್ತದೆ. ಸ್ಟುಡಿಯೋದವರು ಈಗ ಲೂಪ್ ಅನ್ನುತ್ತಾರಲ್ಲ, ಅದೇ ಚಾಳಿ!

ಎಷ್ಟು ಹಳೆಯದು ಈ ಮಟ್ಟು? ನೂರು ವರ್ಷ? ಐನೂರು? ಬಾದಾಮಿಯ ಬಂಡೆ ನೋಡಿ. ಕಪ್ಪೆ ಅರಭಟ್ಟನ ಶಾಸನದಲ್ಲೂ ತ್ರಿಪದಿ. ಕಾಲ ಸುಮಾರು ಕ್ರಿ.ಶ. 700!

ಈಗ ಔರಾದದ ಗಡಿ ದಾಟಿ. ಆಚೆ ಮಹಾರಾಷ್ಟ್ರ. ಅಲ್ಲೂ ಬೀಸುಕಲ್ಲು, ಅಲ್ಲೂ ಹೆಂಗಸರು. ಹಾಡಿನ ಹೆಸರು ಮಾತ್ರ ಓವಿ. ಹೇಮಾ ರಾಯರ್‌ಕರ್ ಮತ್ತು ಗಿ ಪ್ವಾತ್ವಾ 1980ರ ದಶಕದಲ್ಲಿ ಇವನ್ನು ಕಲೆಹಾಕಲು ಹೊರಟರು. ಎಷ್ಟು ಸಿಕ್ಕವು? ಊಹಿಸಿ! ಸಾವಿರ? ಹತ್ತು ಸಾವಿರ?

ಒಂದು ಲಕ್ಷಕ್ಕೂ ಹೆಚ್ಚು!

ಅದೂ ಸಾವಿರಕ್ಕೂ ಮಿಕ್ಕಿದ ಹಳ್ಳಿಗಳಿಂದ! ಸಂಗೀತವನ್ನು ಕಂಪ್ಯೂಟರಿಗೆ ಒಗ್ಗಿಸಿದ ಬರ್ನಾರ್ ಬೆಲ್ ಕೂಡ ಕೈಜೋಡಿಸಿದರು. 2017ರಿಂದ 'ಪರಿ' ಜಾಲತಾಣದಲ್ಲಿ ಆ ಹೆಂಗಸರ ದನಿಯನ್ನೇ ಕೇಳಬಹುದು. ಹೊಟ್ಟೆಕಿಚ್ಚಾಯಿತು ನನಗೆ, ನಿಜ ಹೇಳುತ್ತೇನೆ.

ಗಿರಣಿ ಬಂತು. ಕಲ್ಲು ಮೂಲೆ ಸೇರಿತು. ಹಾಗಾದರೆ ರಾಗ ಕಟ್ಟುವ ಹೆಂಗಸರು ಸುಮ್ಮನಾದರೇ? ಎಲ್ಲಿಯ ಮಾತು!

ಬಿಂದುಮಾಲಿನಿಯವರನ್ನೇ ನೋಡಿ. ಓದಿದ್ದು ಗ್ರಾಫಿಕ್ ಡಿಸೈನ್! ಕೊರಳಲ್ಲಿ ಶಾಸ್ತ್ರೀಯವೂ ಉಂಟು, ಜನರ ನಾಲಿಗೆಯ ಕಬೀರನೂ ಉಂಟು. 2018ರ 'ನಾತಿಚರಾಮಿ' ಚಿತ್ರಕ್ಕೆ ಸಂಗೀತ ಅವರದೇ. 'ಮಾಯಾವಿ ಮನವೇ' ಹಾಡಿಗೆ ರಾಗ ಹಾಕಿ ತಾವೇ ಹಾಡಿದರು. ಮರುವರ್ಷ ಅತ್ಯುತ್ತಮ ಗಾಯಕಿ ರಾಷ್ಟ್ರಪ್ರಶಸ್ತಿ! ಚಿತ್ರಕ್ಕೆ ಒಟ್ಟು ಐದು!

ಇನ್ನು ಶಿಲ್ಪಾ ಮುಡಬಿ. 'ಅರ್ಬನ್ ಫೋಕ್ ಪ್ರಾಜೆಕ್ಟ್' ಕಟ್ಟಿ, ಉತ್ತರ ಕರ್ನಾಟಕದ ಎಲ್ಲಮ್ಮನ ಹಾಡುಗಳನ್ನು ನಗರದ ರಂಗಕ್ಕೆ ತಂದವರು. ಅವುಗಳ ಜೀವ ಚೌಡಕಿ ಎಂಬ ವಾದ್ಯ. ಎಂದಾದರೂ ಹತ್ತಿರದಿಂದ ಕಂಡಿದ್ದೀರಾ? ಕಂಕುಳಲ್ಲಿ ಅವುಚಿದ ಕೊಳಗ. ತಳಕ್ಕೆ ಬಿಗಿದ ತೊಗಲು. ತೊಗಲಿನ ನಡುವಿನಿಂದ ಹೊರಟ ತಂತಿ. ಎಷ್ಟು ತಂತಿ? ಒಂದೇ! ಸ್ವರಕ್ಕೆ ಮನೆಗಳಿಲ್ಲ, ಮೆಟ್ಟಿಲಿಲ್ಲ. ತಂತಿಯ ತುದಿ ಹಿಡಿದ ಮುಷ್ಟಿ ಬಿಗಿ ಮಾಡಿದರೆ ಸ್ವರ ಏರಿತು, ಸಡಿಲ ಬಿಟ್ಟರೆ ಜಾರಿತು! ಹೀಗೆ ಸ್ವರ ಜಾರಿಸಲೆಂದೇ ಇವತ್ತಿನ ಕೀಬೋರ್ಡಿಗೆ ಎಡಗಡೆ ಪುಟ್ಟ ಚಕ್ರವೊಂದನ್ನು ಕೂರಿಸುತ್ತಾರೆ!