ತಲೆಗೆ ಬಿದ್ದ ಪೆಟ್ಟನ್ನು ಮರೆಮಾಚುವುದು ಶೌರ್ಯವಲ್ಲ

ಆವತಿಯ ಬೆಟ್ಟದ ತಪ್ಪಲಿನಲ್ಲಿ ಒಂದು ಸಂಜೆ ನಾವು ಬಾಲಕರ ಕಬಡ್ಡಿಯಾಟವನ್ನು ನೋಡುತ್ತ ನಿಂತಿದ್ದೆವು. ಹಿಡಿತದಿಂದ ಬಿಡಿಸಿಕೊಳ್ಳುತ್ತಿದ್ದ ಹುಡುಗನೊಬ್ಬನ ತಲೆಗೆ ಇನ್ನೊಬ್ಬನ ಮೊಣಕಾಲು ಬಲವಾಗಿ ತಗುಲಿತು. ತನ್ನ ಕಡೆ ಯಾವುದೆಂಬುದನ್ನೇ ಮರೆತು ಅವನು ತಬ್ಬಿಬ್ಬಾಗಿ ನಿಂತ. "ಗಂಡುಹುಡುಗ, ಏನೂ ಆಗದು" ಎಂದು ಹಿರಿಯರೊಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಹುಡುಗ ಮತ್ತೆ ಕಣಕ್ಕಿಳಿದ. ನಾವೂ ಸುಮ್ಮನಿದ್ದೆವು. ಆ ಮೌನ ತಪ್ಪೆಂದು ಅರಿವಾದುದು ಅನಂತರ.

ಮಿದುಳು ತಲೆಬುರುಡೆಯೊಳಗೆ ದ್ರವದ ನಡುವೆ ಇರುವ ಅತಿ ಮೃದುವಾದ ಅಂಗ. ಪೆಟ್ಟು ಬಿದ್ದಾಗ ಬುರುಡೆ ಒಡೆಯದಿದ್ದರೂ ಒಳಗಿನ ಮಿದುಳು ಕುಲುಕಿ ಘಾಸಿಗೊಳ್ಳಬಹುದು. ವೈದ್ಯರು ಇದನ್ನು ಕನ್‌ಕಷನ್ ಎನ್ನುತ್ತಾರೆ. ರಕ್ತ ಸುರಿಯಬೇಕೆಂದಿಲ್ಲ, ಪ್ರಜ್ಞೆ ತಪ್ಪಬೇಕೆಂದೂ ಇಲ್ಲ. ಈ ಗಾಯ ಮಾಯುವ ಮುನ್ನವೇ ಇನ್ನೊಂದು ಪೆಟ್ಟು ಬಿದ್ದರೆ, ವಿಶೇಷವಾಗಿ ಎಳೆಯರಲ್ಲಿ, ಮಿದುಳು ಊದಿಕೊಂಡು ಪ್ರಾಣಕ್ಕೇ ಸಂಚಕಾರ ಬರುವುದುಂಟು. ಪದೇ ಪದೇ ಏಟು ತಿಂದ ಮುಷ್ಟಿಮಲ್ಲರಲ್ಲಿ ನಡಿಗೆ, ಮಾತು, ಬುದ್ಧಿ ಕುಂದುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ಬರೆದಿಟ್ಟರು.

1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಶಿರಸ್ತ್ರಾಣವಿಲ್ಲದೆ ಬ್ಯಾಟುಗಾರನ ಸಮೀಪವೇ ನಿಂತಿದ್ದ ಕ್ರಿಕೆಟಿಗ ರಮಣ್ ಲಾಂಬಾ ಅವರ ತಲೆಗೆ ಚೆಂಡು ಬಡಿಯಿತು. ಅವರು ತಾವೇ ನಡೆದು ಮೈದಾನದಿಂದ ಹೊರಬಂದರು. ಮೂರು ದಿನಗಳಲ್ಲಿ ಅಸುನೀಗಿದರು. ನಮ್ಮ ಬೆಂಗಳೂರಿನಲ್ಲಿಯೇ 2022ರ ಜುಲೈನಲ್ಲಿ ಕಿಕ್‌ಬಾಕ್ಸಿಂಗ್ ಸ್ಪರ್ಧೆಗೆ ಬಂದ ಮೈಸೂರಿನ ತರುಣನೊಬ್ಬ ಏಟು ತಿಂದು ಕುಸಿದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ 2019ರಿಂದ ಇಂಥ ಪೆಟ್ಟು ತಿಂದವನ ಬದಲಿಗೆ ಬೇರೊಬ್ಬನನ್ನು ಆಡಿಸಲು ಅವಕಾಶವಿದೆ. ಹಳ್ಳಿಯ ಹುಡುಗನ ತಲೆಗೆ ಅಷ್ಟು ಬೆಲೆಯಿಲ್ಲವೇ?

ತಾಯಿತಂದೆಗಳು ಇಷ್ಟನ್ನು ನೆನಪಿಡಲಿ. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗು ಅಂದು ಮತ್ತೆ ಆಡಕೂಡದು. ಮೊದಲ ಇಪ್ಪತ್ತನಾಲ್ಕು ಗಂಟೆ ಒಂಟಿಯಾಗಿ ಬಿಡಬಾರದು. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು ಮಾತು, ಕಿವಿ-ಮೂಗಿನಿಂದ ನೀರು ಅಥವಾ ರಕ್ತ ಒಸರುವುದು ಕಂಡೊಡನೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಮರಳಿ ಆಟಕ್ಕಿಳಿಯುವುದು ವೈದ್ಯರ ಒಪ್ಪಿಗೆ ಪಡೆದು, ಹಂತಹಂತವಾಗಿ ಆಗಬೇಕು.

ಮರುದಿನ ನಾವು ಆ ಹುಡುಗನ ಮನೆಗೆ ಹೋದೆವು. ರಾತ್ರಿ ತಲೆಸಿಡಿತದಿಂದ ಊಟ ಬಿಟ್ಟಿದ್ದನಂತೆ. ಆಟ ಬಿಡಿಸಿಯಾರೆಂಬ ಅಂಜಿಕೆಯಿಂದ ಯಾರಿಗೂ ಹೇಳಿರಲಿಲ್ಲ. ವೈದ್ಯರ ಬಳಿಗೆ ಕರೆದೊಯ್ದರು, ವಿಶ್ರಾಂತಿಯಿಂದ ಗುಣಮುಖನಾದ. ಮಕ್ಕಳು ಆಡಲಿ, ಅದು ಬೇಕು. ಆದರೆ "ನೋವಾಗುತ್ತಿದೆ" ಎಂದು ನಿರ್ಭಯವಾಗಿ ನುಡಿಯುವುದನ್ನೂ ನಾವು ಹಿರಿಯರು ಅವರಿಗೆ ಕಲಿಸೋಣ.