ಕ್ಯಾಪ್ಟನ್ ಕಪ್ರಿಲ್ಲಿಯ ಅಶ್ವಾರೋಹಣ ಪದ್ಧತಿ

ಕುದುರೆಯು ಬೇಲಿಯನ್ನು ನೆಗೆಯುವಾಗ ಸವಾರನು ಜೀನಿನಿಂದ ತುಸು ಮೇಲೆದ್ದು ಮುಂದಕ್ಕೆ ಬಾಗಿ, ಲಗಾಮನ್ನು ಸಡಿಲಬಿಡುವುದನ್ನು ಪಂದ್ಯಗಳಲ್ಲಿ ಕಂಡವರಿಗೆ, ಇದು ಅನಾದಿಯಿಂದ ನಡೆದುಬಂದ ಕ್ರಮವೆಂದೇ ತೋರುವುದು ಸಹಜ. ವಾಸ್ತವವಾಗಿ ಇದಕ್ಕೆ ಶಾಸ್ತ್ರದ ರೂಪ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಕೊಟ್ಟವನು ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಪ್ರಿಲ್ಲಿ.

ಈತನು 1868ರಲ್ಲಿ ಲಿವೋರ್ನೊ ಪಟ್ಟಣದಲ್ಲಿ ಜನಿಸಿದನು. ಪಿನೆರೋಲೊವಿನ ಅಶ್ವದಳ ಶಾಲೆಯನ್ನು ಸೇರಿದಾಗ ಅಲ್ಲಿ ನಡೆಯುತ್ತಿದ್ದುದು ಹಳೆಯ ಪಾಠ: ನೆಗೆತದಲ್ಲಿ ಸವಾರನು ಹಿಂದಕ್ಕೆ ಒರಗಬೇಕು, ಕಾಲುಗಳನ್ನು ಮುಂದಕ್ಕೆ ಚಾಚಬೇಕು, ಲಗಾಮನ್ನು ಸೆಳೆದು ಕುದುರೆಯ ತಲೆಯನ್ನು ಎತ್ತಿಹಿಡಿಯಬೇಕು. ಹಾಗೆ ಮಾಡಿದರೆ ಇಳಿಯುವಾಗ ಮುಂಗಾಲುಗಳ ಮೇಲಿನ ಭಾರ ತಗ್ಗುವುದೆಂದು ನಂಬಿಕೆ. ಮೇಲುನೋಟಕ್ಕೆ ಒಪ್ಪತಕ್ಕ ತರ್ಕವೇ. ಕುದುರೆಯನ್ನು ಮಾತ್ರ ಯಾರೂ ವಿಚಾರಿಸಿರಲಿಲ್ಲ.

ಕಪ್ರಿಲ್ಲಿಯು ಸವಾರನಿಲ್ಲದೆ ನೆಗೆಯುವ ಕುದುರೆಗಳನ್ನು ಗಮನಿಸಿದನು. ಛಾಯಾಚಿತ್ರಗಳ ನೆರವನ್ನೂ ಪಡೆದನು. ಸ್ವತಂತ್ರವಾದ ಕುದುರೆಯು ಕುತ್ತಿಗೆಯನ್ನು ಮುಂದಕ್ಕೂ ಕೆಳಕ್ಕೂ ಚಾಚಿ, ಬೆನ್ನನ್ನು ಕಮಾನಿನಂತೆ ಬಾಗಿಸಿ ನೆಗೆಯುತ್ತದೆ. ಮುಂಗಾಲುಗಳ ಮೇಲೆಯೇ ಇಳಿಯುತ್ತದೆ. ಬಾಯನ್ನು ಜಗ್ಗಿದರೆ ಕುತ್ತಿಗೆ ಚಾಚಲಾಗದು. ಬೆನ್ನಿನ ಹಿಂಭಾಗದಲ್ಲಿ ಸವಾರನ ಭಾರ ಕುಸಿದರೆ ಹಿಂಗಾಲುಗಳು ಸಲೀಸಾಗಿ ಏಳವು. ನೋವಿನ ನೆನಪು ಉಳಿದು ಮುಂದಿನ ಬೇಲಿಯ ಬಳಿ ಅದು ಹಟ ಹಿಡಿಯುತ್ತದೆ. ಆದುದರಿಂದ ರಿಕಾಪನ್ನು (ನಮ್ಮ ಹಿಂದಿನವರ 'ಅಂಕವಣೆ'ಯನ್ನು) ಗಿಡ್ಡ ಮಾಡಿ, ಮೈಭಾರವನ್ನು ಮುಂದಕ್ಕೆ ತಂದು, ಕುದುರೆಯ ಬಾಯಿ ಹೋದತ್ತ ಕೈಯೂ ಹೋಗಬೇಕೆಂದು ಅವನು ವಿಧಿಸಿದನು. ಅಂಗಳದ ಕಸರತ್ತನ್ನು ಕಡಿಮೆಮಾಡಿ ಹಳ್ಳತಿಟ್ಟುಗಳ ಬಯಲಿನಲ್ಲೇ ಕಲಿಸಬೇಕೆಂದನು; ಯುದ್ಧದಲ್ಲಿ ಅಶ್ವದಳಕ್ಕೆ ಒದಗುವುದು ಬಯಲೇ ಅಲ್ಲವೆ?

1901ರಲ್ಲಿ ಇಟಲಿಯ ಅಶ್ವದಳ ಪತ್ರಿಕೆಯಲ್ಲಿ ತನ್ನ ತತ್ತ್ವಗಳನ್ನು ಪ್ರಕಟಿಸಿದನು. ಬರೆದುದು ಅತ್ಯಲ್ಪ, ಬರೆವಣಿಗೆ ಅವನಿಗೆ ಒಗ್ಗಿದ ಕೆಲಸವಲ್ಲವೆಂದು ತೋರುತ್ತದೆ. ಮೇಲಧಿಕಾರಿಗಳಲ್ಲಿ ಅನೇಕರಿಗೆ ಈ ಹೊಸ ಮತ ಹಿಡಿಸಲಿಲ್ಲ. ಕೆಲಕಾಲ ಅವನು ದಕ್ಷಿಣ ಇಟಲಿಯ ದಳದಲ್ಲಿ ಇರಬೇಕಾಯಿತು. 1902ರಲ್ಲಿ ಟುರಿನ್ ನಗರದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಮೆಲೋಪೊ ಎಂಬ ಕುದುರೆಯೊಡನೆ 2.08 ಮೀಟರು ಎತ್ತರವನ್ನು ದಾಟಿದ ಮೇಲೆ ವಾದಕ್ಕೆ ಹೆಚ್ಚು ಅವಕಾಶ ಉಳಿಯಲಿಲ್ಲ. ಸಂಖ್ಯೆಗಿಂತಲೂ ಇಲ್ಲಿ ಮುಖ್ಯವಾದುದು, ಆ ಎತ್ತರವನ್ನು ಕುದುರೆಯನ್ನು ಜಗ್ಗದೆಯೇ ಸಾಧಿಸಿದುದು. ಕ್ರಮೇಣ ಇಟಲಿಯ ಅಶ್ವದಳವೇ ಅವನ ಪದ್ಧತಿಯನ್ನು ಅಂಗೀಕರಿಸಿತು.

1907ರ ಡಿಸೆಂಬರಿನಲ್ಲಿ, ಟುರಿನ್ನಿನಲ್ಲಿ, ನೆಗೆತವೂ ಇಲ್ಲ ಓಟವೂ ಇಲ್ಲ, ನಡಿಗೆಯಲ್ಲಿದ್ದ ಕುದುರೆಯಿಂದ ಬಿದ್ದು ತಲೆಗೆ ಪೆಟ್ಟಾಗಿ ಅವನು ತೀರಿಕೊಂಡನು. ಆಗ ವಯಸ್ಸು ಮೂವತ್ತೊಂಬತ್ತು.

ಅವನ ವಿದ್ಯೆ ಹರಡಿದುದು ಪುಸ್ತಕದಿಂದಲ್ಲ, ಶಿಷ್ಯರಿಂದ. ಪಿನೆರೋಲೊದಲ್ಲಿ ಕಲಿತ ರಷ್ಯದ ಪಾಲ್ ರೊದ್ಜಿಯಾಂಕೊ ಇದ್ದ ತಂಡವು ಲಂಡನ್ನಿನಲ್ಲಿ 1912ರಿಂದ 1914ರವರೆಗೆ ಸತತವಾಗಿ ಮೂರು ವರ್ಷ ಕಿಂಗ್ ಎಡ್ವರ್ಡ್ ಕಪ್ಪನ್ನು ಗೆದ್ದಿತು. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ನೆಗೆತದ ವೈಯಕ್ತಿಕ ಸ್ಪರ್ಧೆಯಲ್ಲಿ ಮೊದಲ ಎರಡು ಸ್ಥಾನಗಳೂ ಇಟಲಿಯವರಿಗೆ ಸಂದವು. ರೋಮಿನ ಬಳಿಯ ತೋರ್ ದಿ ಕ್ವಿಂತೊ ಶಾಲೆಯಲ್ಲಿ ಅಭ್ಯಾಸಮಾಡಿದ ಅಮೆರಿಕದ ಹ್ಯಾರಿ ಚೇಂಬರ್ಲಿನ್, ಅದೇ ನೆಗೆತದಲ್ಲಿ 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನ ಬೆಳ್ಳಿಯ ಪದಕವನ್ನು ಪಡೆದನು.